ಭಾರೀ ಎಕ್ಸ್‌ಎಂಎಲ್ ಫೈಲನ್ನು ಸಾಧಾರಣ ಲ್ಯಾಪ್‌ಟಾಪಿನಲ್ಲೇ ಪಳಗಿಸುವುದು ಹೇಗೆ

ಎಕ್ಸ್‌ಎಂಎಲ್ ಫೈಲ್ (ಮಾಹಿತಿಯನ್ನು ಟ್ಯಾಗುಗಳ ನಡುವೆ ಇಟ್ಟಿರುವ ಪಠ್ಯ ಫೈಲ್) 20 ಎಂಬಿ ಇದ್ದಾಗ ಹೇಗೆ ಓದಿದರೂ ನಡೆಯುತ್ತದೆ. ಅದೇ 20 ಜಿಬಿ ಆಯಿತು ಅಂದ್ರೆ, ನಿನ್ನೆವರೆಗೆ ಚೆನ್ನಾಗಿ ಓಡುತ್ತಿದ್ದ ಪ್ರೋಗ್ರಾಂ ಇವತ್ತು ಮೆಷಿನನ್ನೇ ಮಲಗಿಸಿಬಿಡುತ್ತದೆ. ಫ್ಯಾನ್ ಕಿರುಚುತ್ತದೆ, ಮೌಸ್ ಅಲುಗಾಡುವುದಿಲ್ಲ, ಸಾಕಷ್ಟು ಹೊತ್ತು ಕಾಯಿಸಿ ಕೊನೆಗೆ ‘ಕಿಲ್ಡ್’ ಅನ್ನುವ ಒಂದೇ ಪದ ತೋರಿಸಿ ಮುಗಿಯುತ್ತದೆ. ಆಗ ಹೆಚ್ಚಿನವರು ಜಾಸ್ತಿ ರ‍್ಯಾಮ್ ಇರುವ ಸರ್ವರ್ ಹುಡುಕಲು ಹೊರಡುತ್ತಾರೆ. ಬಹುತೇಕ ಸಲ ಅದು ಬೇಕಾಗಿಯೇ ಇಲ್ಲ. ಇಂಥ ಫೈಲುಗಳು ಸಾಮಾನ್ಯವಾಗಿ ಒಂದೇ ತರದ ಸಣ್ಣ ಸಣ್ಣ ದಾಖಲೆಗಳ ಉದ್ದನೆಯ ಸಾಲು. ಒಂದು ಸಲಕ್ಕೆ ಒಂದೇ ದಾಖಲೆ ಮೆಮೊರಿಯಲ್ಲಿ ಇರಬೇಕು, ಅದರ ಕೆಲಸ ಮುಗಿದ ಕೂಡಲೇ ಅದು ಜಾಗ ಖಾಲಿ ಮಾಡಬೇಕು. ಇಷ್ಟನ್ನು ಪಾಲಿಸಿದರೆ 8 ಜಿಬಿ ರ‍್ಯಾಮಿನ ಲ್ಯಾಪ್‌ಟಾಪಿನಲ್ಲಿ 80 ಜಿಬಿ ಫೈಲನ್ನೂ ಆರಾಮಾಗಿ ಓದಬಹುದು.

ಹೇಳೋದು ಸುಲಭ, ಅಲ್ವಾ? ಆದರೆ ಮಾಡುವಾಗ ಎಡವುವ ಜಾಗಗಳು ಸುಮಾರಿವೆ. ಅದಕ್ಕೇ ಒಂದು ನಿಜವಾದ ಫೈಲ್ ಹಿಡಿದುಕೊಂಡು ಹಂತ ಹಂತವಾಗಿ ನೋಡೋಣ.

ಫೈಲ್ ಯಾವುದು, ಕೆಲಸ ಏನು

ವಿಕಿಮೀಡಿಯ ಪ್ರತಿಷ್ಠಾನ ತನ್ನ ಎಲ್ಲಾ ವಿಕಿಪೀಡಿಯಗಳ ಪೂರ್ತಿ ಪಠ್ಯವನ್ನು ಎಕ್ಸ್‌ಎಂಎಲ್ ಡಂಪ್ ಆಗಿ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಟ್ಟಿದೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದ ಡಂಪೂ ಅಲ್ಲಿದೆ. ಇದು ಪ್ರಯೋಗಕ್ಕೆ ಹೇಳಿ ಮಾಡಿಸಿದ್ದು, ಯಾಕಂದ್ರೆ ಇಂಗ್ಲಿಷ್ ಡಂಪಿನ ಮುಂದೆ ಇದು ತೀರಾ ಚಿಕ್ಕದು, ಆದರೆ ಎರಡರ ರಚನೆಯೂ ಒಂದೇ. ಇಂಗ್ಲಿಷಿನದು ಬಿಜಿಪ್‌2 ಅನ್ನುವ ಕುಗ್ಗಿಸಿದ ರೂಪದಲ್ಲೇ 20 ಜಿಬಿಗಿಂತ ಜಾಸ್ತಿ, ಬಿಚ್ಚಿದರೆ 85 ಜಿಬಿ ದಾಟುತ್ತದೆ. ಕನ್ನಡದ್ದರ ಮೇಲೆ ಬರೆದು ಪರೀಕ್ಷಿಸಿ, ಅದೇ ಪ್ರೋಗ್ರಾಮನ್ನು ಇಂಗ್ಲಿಷಿನದರ ಮೇಲೆ ಬಿಡಿ. ಸರಿಯಾಗಿ ಬರೆದಿದ್ದರೆ ಹಿಡಿಯುವ ಸಮಯ ಮಾತ್ರ ಬದಲಾಗಬೇಕು, ಮೆಮೊರಿ ಹೆಚ್ಚುಕಡಿಮೆ ಅಷ್ಟೇ ಇರಬೇಕು.

ನಮ್ಮ ಕೆಲಸ ಇದು: ಡಂಪಿನಿಂದ ಲೇಖನಗಳನ್ನು ಮಾತ್ರ ಆರಿಸಬೇಕು. ಚರ್ಚೆಪುಟ, ಬಳಕೆದಾರರ ಪುಟ, ಟೆಂಪ್ಲೇಟು, ರೀಡೈರೆಕ್ಟ್ ಪುಟ (ಬೇರೆ ಪುಟಕ್ಕೆ ಕಳಿಸುವುದು) ಯಾವುದೂ ಬೇಡ. ಪ್ರತಿ ಲೇಖನದ ಐಡಿ, ಶೀರ್ಷಿಕೆ ಮತ್ತು ಪಠ್ಯವನ್ನು ಒಂದು ಸರಳ ಫೈಲಿಗೆ ಬರೆಯಬೇಕು. ಕನ್ನಡಕ್ಕೆ ಪದಪಟ್ಟಿ, ಕಾಗುಣಿತ ಪರೀಕ್ಷಕ, ಹುಡುಕಾಟದ ಸೂಚಿ ಮಾಡುವವರಿಗೆ ಮೊದಲು ಬೇಕಾಗುವುದೇ ಇದು.

ಪೈಥಾನ್ ಹಿಡಿದು ಹೇಳುತ್ತೇನೆ. ಜಾವಾ ಮತ್ತು ಎಕ್ಸ್‌ಎಸ್‌ಎಲ್‌ಟಿ (ಎಕ್ಸ್‌ಎಂಎಲ್ಲನ್ನು ಬೇರೆ ರೂಪಕ್ಕೆ ಬದಲಿಸಲೆಂದೇ ಇರುವ ಭಾಷೆ) ವಿಷಯ ಆಮೇಲೆ ಬರುತ್ತದೆ.

ಮೊದಲು ಕಣ್ಣಲ್ಲಿ ನೋಡಿ

ಫೈಲನ್ನು ಎಡಿಟರಿನಲ್ಲಿ ತೆರೆಯಬೇಡಿ. ಬ್ರೌಸರಿನಲ್ಲಂತೂ ಬೇಡವೇ ಬೇಡ. ಲಿನಕ್ಸ್ ಅಥವಾ ಮ್ಯಾಕ್‌ನಲ್ಲಿ ‘ಬಿಜಿಕ್ಯಾಟ್’ ಆದೇಶದ ಹೊರಹರಿವನ್ನು ಪೈಪ್ ಮೂಲಕ ‘ಹೆಡ್’ಗೆ ಕೊಟ್ಟು ಮೊದಲ ನೂರಿನ್ನೂರು ಸಾಲು ನೋಡಿ. ಇಡೀ ಫೈಲನ್ನು ಬಿಚ್ಚಿಡುವ ಅಗತ್ಯವೇ ಇಲ್ಲ. ಕಾಣುವುದು ಸುಮಾರಾಗಿ ಹೀಗೆ (ಟ್ಯಾಗುಗಳ ಹೆಸರು ಫೈಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಇರುತ್ತದೆ, ಇಲ್ಲಿ ಓದಲು ಸುಲಭವಾಗಲಿ ಅಂತ ಕನ್ನಡದಲ್ಲಿ ಕೊಟ್ಟಿದ್ದೇನೆ):

<ಮೀಡಿಯವಿಕಿ>
  <ಸೈಟ್‌ಇನ್ಫೋ> … </ಸೈಟ್‌ಇನ್ಫೋ>
  <ಪೇಜ್>
    <ಟೈಟಲ್>ಹಂಪೆ</ಟೈಟಲ್>
    <ಎನ್‌ಎಸ್>0</ಎನ್‌ಎಸ್>
    <ಐಡಿ> … </ಐಡಿ>
    <ರಿವಿಷನ್>
      <ಐಡಿ> … </ಐಡಿ>
      <ಟೈಮ್‌ಸ್ಟ್ಯಾಂಪ್> … </ಟೈಮ್‌ಸ್ಟ್ಯಾಂಪ್>
      <ಟೆಕ್ಸ್ಟ್> … </ಟೆಕ್ಸ್ಟ್>
    </ರಿವಿಷನ್>
  </ಪೇಜ್>
  <ಪೇಜ್> …

ಇಷ್ಟರಲ್ಲೇ ನಾಲ್ಕು ವಿಷಯ ಸಿಕ್ಕಿತು. ದಾಖಲೆ ಅಂದರೆ ‘ಪೇಜ್’. ‘ಎನ್‌ಎಸ್’ 0 ಇದ್ದರೆ ಅದು ಲೇಖನ. ‘ಐಡಿ’ ಎರಡು ಕಡೆ ಇದೆ, ಒಂದು ಪುಟದ್ದು, ಇನ್ನೊಂದು ಆವೃತ್ತಿಯದ್ದು. ರೀಡೈರೆಕ್ಟ್ ಪುಟವಾದರೆ ‘ರೀಡೈರೆಕ್ಟ್’ ಅನ್ನುವ ಬೇರೆ ಟ್ಯಾಗ್ ಇರುತ್ತದೆ. ಇದರ ಜೊತೆಗೆ ಮೊದಲ ಸಾಲಿನಲ್ಲಿ ಒಂದು ನೇಮ್‌ಸ್ಪೇಸ್ ಘೋಷಣೆ (ಈ ಟ್ಯಾಗುಗಳು ಯಾವ ಗುಂಪಿನವು ಅಂತ ಹೇಳುವ ವಿಳಾಸ) ಇರುತ್ತದೆ. ಅದನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ‘ಪೇಜ್’ ಅಂತ ಹುಡುಕಿ ಏನೂ ಸಿಗದೆ, ಪ್ರೋಗ್ರಾಂ ಸುಮ್ನೆ ಖಾಲಿ ಫೈಲ್ ಕೊಟ್ಟು ಮುಗಿಯಿತು ಅಂದರೆ ಕಾರಣ ಅದೇ. ಪೈಥಾನಿಗೆ ಆ ಟ್ಯಾಗಿನ ಹೆಸರು ಬರೀ ‘ಪೇಜ್’ ಅಲ್ಲ. ಮುಂದೆ ಪುಷ್ಪಾವರಣದೊಳಗೆ ಆ ಪೂರ್ತಿ ನೇಮ್‌ಸ್ಪೇಸ್ ವಿಳಾಸವೂ ಸೇರಿರುತ್ತದೆ. ಡಂಪಿನ ರಚನೆ ಬದಲಾದಂತೆ ಆ ವಿಳಾಸದ ಕೊನೆಯ ಆವೃತ್ತಿ ಸಂಖ್ಯೆಯೂ ಬದಲಾಗುತ್ತದೆ. ಹಾಗಾಗಿ ವಿಳಾಸವನ್ನು ಕೋಡಿನಲ್ಲಿ ಕೈಯಾರೆ ಬರೆಯುವ ಬದಲು, ಮೊದಲ ಟ್ಯಾಗಿನಿಂದಲೇ ಅದನ್ನು ಕಿತ್ತುಕೊಂಡು ಬಳಸುವುದು ಒಳ್ಳೆಯದು.

ಬೇರೆ ಯಾರಿಂದಲೋ ಬಂದ ಫೈಲಾದರೆ, ಅದು ನಿಯಮಬದ್ಧ ಎಕ್ಸ್‌ಎಂಎಲ್ ಹೌದೋ ಅಲ್ಲವೋ ಅಂತ ಮೊದಲೇ ನೋಡಿಬಿಡಿ. ‘ಎಕ್ಸ್‌ಎಂಎಲ್‌ಲಿಂಟ್’ ಇದಕ್ಕೆ ಸಾಕು. ಆದರೆ ‘ಸ್ಟ್ರೀಮ್’ ಆಯ್ಕೆ ಕೊಡದಿದ್ದರೆ ಅದೂ ಇಡೀ ಫೈಲನ್ನು ಮೆಮೊರಿಗೆ ಎಳೆದುಕೊಳ್ಳುತ್ತದೆ. ಪರೀಕ್ಷೆ ಮಾಡಲು ಹೋಗಿ ಮೆಷಿನ್ ಮಲಗಿಸಿದ ಹಾಗಾಗುತ್ತದೆ.

ಮರ ಕಟ್ಟಿದರೆ ಯಾಕೆ ಕೆಲಸ ಕೆಡುತ್ತದೆ

ಹೆಚ್ಚಿನ ಪಾಠಗಳಲ್ಲಿ ಕಲಿಸುವುದು ‘ಪಾರ್ಸ್’ (ಟ್ಯಾಗುಗಳನ್ನು ಬಿಡಿಸಿ ಓದು) ಅಂತ ಕರೆದು ಇಡೀ ಫೈಲಿನ ಮರವನ್ನು ಕೈಗೆ ತೆಗೆದುಕೊಳ್ಳುವ ವಿಧಾನ. ಮರದಲ್ಲಿ ಪ್ರತಿ ಟ್ಯಾಗೂ ಒಂದು ಆಬ್ಜೆಕ್ಟ್. ಅದಕ್ಕೆ ಹೆಸರು, ಗುಣಗಳು, ಮಕ್ಕಳ ಪಟ್ಟಿ, ಹಿಂದಿನ ಮುಂದಿನ ಪಠ್ಯ, ಎಲ್ಲವೂ ಜೊತೆಗೇ ಇರುತ್ತದೆ. ಹೀಗಾಗಿ ಮೆಮೊರಿಯಲ್ಲಿ ಮರ ಫೈಲಿಗಿಂತ ಹಲವು ಪಟ್ಟು ದೊಡ್ಡದಾಗುವುದು ಮಾಮೂಲು. ಟ್ಯಾಗ್ ಜಾಸ್ತಿ, ಪಠ್ಯ ಕಡಿಮೆ ಇರುವ ಫೈಲಿನಲ್ಲಿ ಇದು ಇನ್ನೂ ಜೋರು. ಓಪನ್‌ಸ್ಟ್ರೀಟ್‌ಮ್ಯಾಪಿನ ಎಕ್ಸ್‌ಎಂಎಲ್ ಅಂಥದ್ದು: ಒಂದೊಂದು ಸಾಲೂ ಒಂದು ಪುಟಾಣಿ ‘ನೋಡ್’.

ಪೈಥಾನಿನಲ್ಲಿ ಕನ್ನಡ ಪಠ್ಯದ ಲೆಕ್ಕ ಸ್ವಲ್ಪ ವಿಚಿತ್ರ. ಯುಟಿಎಫ್-8 ಫೈಲಿನಲ್ಲಿ ಕನ್ನಡದ ಪ್ರತಿ ಕೋಡ್‌ಪಾಯಿಂಟ್ (ಯೂನಿಕೋಡ್ ಸಂಖ್ಯೆ ಇರುವ ಒಂದೊಂದು ಚಿಹ್ನೆ) 3 ಬೈಟ್. ಪೈಥಾನ್ 3.3ರಿಂದೀಚೆಗೆ ಮೆಮೊರಿಯಲ್ಲಿ ಅದೇ 2 ಬೈಟ್. ಲಾಭ ಆಯಿತು ಅಂದುಕೊಳ್ಳಬೇಡಿ. ಅದೇ ಸ್ಟ್ರಿಂಗಿನಲ್ಲಿ ಎಲ್ಲೋ ಒಂದು ಇಮೋಜಿ ಸೇರಿದರೆ ಸಾಕು, ಇಡೀ ಸ್ಟ್ರಿಂಗು ಅಕ್ಷರಕ್ಕೆ 4 ಬೈಟಿನ ಹಾಗೆ ಹಿಗ್ಗುತ್ತದೆ. ಒಂದು ಲೇಖನಕ್ಕೆ ಇದು ಲೆಕ್ಕಕ್ಕಿಲ್ಲ. ಇಡೀ ಫೈಲನ್ನು ಒಂದೇ ಸ್ಟ್ರಿಂಗಾಗಿ ಓದಿಕೊಂಡವರಿಗೆ ಮಾತ್ರ ಬಿಸಿ ತಟ್ಟುತ್ತದೆ.

ಓದುತ್ತಾ ಹೋಗಿ, ಬಿಡುತ್ತಾ ಹೋಗಿ

ಹೊಳೆಯ ಹಾಗೆ ಹರಿಸಿ ಓದುವುದಕ್ಕೆ ಎರಡು ದಾರಿ ಇವೆ. ಒಂದು ಹಳೆಯದು, ಸ್ಯಾಕ್ಸ್. ಎಕ್ಸ್‌ಎಂಎಲ್ 1.0 ಬಂದ 1998ರಲ್ಲೇ ಇದೂ ಬಂತು. ಪಾರ್ಸರ್ ನಿಮ್ಮ ಫಂಕ್ಷನ್ನುಗಳನ್ನು ಕರೆಯುತ್ತಾ ಹೋಗುತ್ತದೆ: ಟ್ಯಾಗ್ ಶುರುವಾಯಿತು, ಪಠ್ಯ ಬಂತು, ಟ್ಯಾಗ್ ಮುಗಿಯಿತು. ಈಗ ಎಲ್ಲಿದ್ದೇವೆ, ಯಾವ ‘ಐಡಿ’ ಇದು ಅನ್ನುವ ನೆನಪೆಲ್ಲ ನಿಮ್ಮದೇ ಜವಾಬ್ದಾರಿ. ಇನ್ನೊಂದು ‘ಐಟರ್‌ಪಾರ್ಸ್’. ಇದು ಪೈಥಾನಿನ ಎಲಿಮೆಂಟ್‌ಟ್ರೀ ಜೊತೆಗೇ ಬರುತ್ತದೆ, ಹೊರಗಿನ ಎಲ್‌ಎಕ್ಸ್‌ಎಂಎಲ್ ಲೈಬ್ರರಿಯಲ್ಲೂ ಇದೆ. ಇಲ್ಲಿ ಒಂದೊಂದು ಪುಟಕ್ಕೂ ಪುಟ್ಟ ಮರ ಸಿಗುತ್ತದೆ. ಅದರೊಳಗೆ ಮಾಮೂಲಿನಂತೆ ಹುಡುಕಬಹುದು. ನನ್ನ ಮತ ‘ಐಟರ್‌ಪಾರ್ಸ್’ಗೆ. ಸ್ಯಾಕ್ಸ್ ಸ್ವಲ್ಪ ವೇಗ ಇರಬಹುದು, ಆದರೆ ಆರು ತಿಂಗಳ ನಂತರ ಆ ಕೋಡನ್ನು ತೆರೆದು ನೋಡುವವರ ಗತಿ ಕಷ್ಟ.

‘ಐಟರ್‌ಪಾರ್ಸ್’ ಬಳಸುವ ಕ್ರಮ ಇದು:

1. ಬಿಜಿಪ್‌2 ಫೈಲನ್ನು ಪೈಥಾನಿನ ‘ಬಿಜಿ2’ ಮಾಡ್ಯೂಲಿನಿಂದ ನೇರವಾಗಿ ತೆರೆಯಿರಿ. ಬಿಚ್ಚಿ ಡಿಸ್ಕಿಗೆ ಬರೆಯುವ ಹಂತ ಬೇಡ.
2. ‘ಐಟರ್‌ಪಾರ್ಸ್’ಗೆ ಆ ಫೈಲನ್ನು ಕೊಟ್ಟು, ‘ಸ್ಟಾರ್ಟ್’ ಮತ್ತು ‘ಎಂಡ್’ ಎರಡೂ ಘಟನೆಗಳನ್ನು ಕೇಳಿ.
3. ಮೊಟ್ಟಮೊದಲು ಬರುವ ‘ಸ್ಟಾರ್ಟ್’ ಘಟನೆ ಬೇರು ಟ್ಯಾಗಿನದು, ಅಂದರೆ ಎಲ್ಲವನ್ನೂ ಸುತ್ತಿರುವ ‘ಮೀಡಿಯವಿಕಿ’ಯದು. ಅದನ್ನು ಒಂದು ವೇರಿಯಬಲ್ಲಿನಲ್ಲಿ ಹಿಡಿದಿಡಿ.
4. ಆಮೇಲೆ ‘ಎಂಡ್’ ಘಟನೆ ಆಗಿದ್ದು, ಟ್ಯಾಗ್ ‘ಪೇಜ್’ ಆಗಿದ್ದರೆ ಮಾತ್ರ ಕೆಲಸ ಮಾಡಿ. ಉಳಿದದ್ದೆಲ್ಲ ಹಾಗೇ ಹೋಗಲಿ.
5. ‘ಎನ್‌ಎಸ್’ 0 ಅಲ್ಲದಿದ್ದರೆ, ಅಥವಾ ‘ರೀಡೈರೆಕ್ಟ್’ ಇದ್ದರೆ, ಬರೆಯಬೇಡಿ.
6. ಪುಟದ ನೇರ ಮಗುವಾದ ‘ಐಡಿ’, ‘ಟೈಟಲ್’, ಮತ್ತು ‘ರಿವಿಷನ್’ ಒಳಗಿನ ‘ಟೆಕ್ಸ್ಟ್’ ತೆಗೆದು ಬರೆಯಿರಿ.
7. ಬರೆದರೂ ಸರಿ, ಬಿಟ್ಟರೂ ಸರಿ, ಪ್ರತಿ ಪುಟದ ಕೊನೆಯಲ್ಲಿ ಬೇರಿನ ಮೇಲೆ ‘ಕ್ಲಿಯರ್’ ಕರೆಯಿರಿ.

ಏಳನೆಯದ್ದರಲ್ಲೇ ಎಲ್ಲಾ ಇದೆ. ಅದನ್ನು ಬಿಟ್ಟರೆ ‘ಐಟರ್‌ಪಾರ್ಸ್’ ಓದುತ್ತಾ ಓದುತ್ತಾ ಮರವನ್ನು ಕಟ್ಟುತ್ತಲೇ ಇರುತ್ತದೆ. ಕೊನೆಗೆ ‘ಪಾರ್ಸ್’ ಕರೆದದ್ದಕ್ಕೂ ಇದಕ್ಕೂ ವ್ಯತ್ಯಾಸವೇ ಇರುವುದಿಲ್ಲ.

ಬಹಳ ಮಂದಿ ಪುಟವನ್ನು ಮಾತ್ರ ‘ಕ್ಲಿಯರ್’ ಮಾಡಿ ನಿಲ್ಲಿಸುತ್ತಾರೆ. ಪಠ್ಯ ಹೋಯಿತು, ಮೆಮೊರಿ ಉಳಿಯಿತು ಅನಿಸುತ್ತದೆ. ಆದರೆ ಖಾಲಿಯಾದ ಆ ‘ಪೇಜ್’ ಆಬ್ಜೆಕ್ಟು ಬೇರಿನ ಮಕ್ಕಳ ಪಟ್ಟಿಯಲ್ಲಿ ಇನ್ನೂ ಕೂತೇ ಇದೆ. ಅಡಿಕೆ ಸುಲಿದು ಸಿಪ್ಪೆಯನ್ನು ಅಲ್ಲೇ ಕಾಲಬುಡಕ್ಕೆ ಹಾಕುತ್ತಾ ಹೋದ ಹಾಗೆ: ಒಂದೊಂದು ಸಿಪ್ಪೆ ಹಗುರವೇ, ಸಂಜೆಗೆ ಮಾತ್ರ ಅಂಗಳದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕನ್ನಡ ಡಂಪಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಇಂಗ್ಲಿಷಿನಲ್ಲಿ ಕೋಟಿ ದಾಟುವ ಪುಟಗಳಿವೆ, ಅಲ್ಲಿ ಮೆಮೊರಿ ನಿಧಾನವಾಗಿ ಏರುತ್ತಾ ಹೋಗುವುದು ಕಾಣುತ್ತದೆ. ಬೇರನ್ನೇ ‘ಕ್ಲಿಯರ್’ ಮಾಡಿದರೆ ಸಿಪ್ಪೆಯೂ ಹೋಗುತ್ತದೆ. ಎಲ್‌ಎಕ್ಸ್‌ಎಂಎಲ್ ಬಳಸುವವರು ಪುಟವನ್ನು ‘ಕ್ಲಿಯರ್’ ಮಾಡಿ, ಅದಕ್ಕಿಂತ ಹಿಂದಿನ ಅಣ್ಣತಮ್ಮಂದಿರನ್ನು ಅಪ್ಪನ ಪಟ್ಟಿಯಿಂದ ಒಂದೊಂದಾಗಿ ಅಳಿಸುವ ರೂಢಿ ಇದೆ. ಎಲ್‌ಎಕ್ಸ್‌ಎಂಎಲ್‌ನಲ್ಲಿ ‘ಟ್ಯಾಗ್’ ಅನ್ನುವ ಆಯ್ಕೆಯೂ ಇದೆ. ‘ಪೇಜ್’ ಮಾತ್ರ ಕೊಡು ಅಂತ ಮೊದಲೇ ಹೇಳಿದರೆ ಬೇಡದ ಘಟನೆಗಳು ಪೈಥಾನಿನವರೆಗೆ ಬರುವುದೇ ಇಲ್ಲ, ಕೆಲಸ ಚುರುಕಾಗುತ್ತದೆ.

ಇದಕ್ಕೆ ಉಲ್ಟಾ ತಪ್ಪೂ ಒಂದಿದೆ. ಪ್ರತಿಯೊಂದು ‘ಎಂಡ್’ ಘಟನೆಗೂ ‘ಕ್ಲಿಯರ್’ ಕರೆಯುವುದು. ‘ಟೈಟಲ್’ ಮುಗಿದಾಗ ಅದನ್ನು ಒರೆಸಿದಿರಿ, ‘ಟೆಕ್ಸ್ಟ್’ ಮುಗಿದಾಗ ಅದನ್ನೂ ಒರೆಸಿದಿರಿ. ‘ಪೇಜ್’ ಮುಗಿದು ಒಳಗೆ ನೋಡಿದರೆ ಎಲ್ಲಾ ಖಾಲಿ. ಶೀರ್ಷಿಕೆಗಳೆಲ್ಲ ‘ನನ್’ ಅಂತ ಬಂದರೆ ಮೊದಲು ಇದನ್ನೇ ಅನುಮಾನಿಸಿ. ಹಾಗೆಯೇ ‘ಸ್ಟಾರ್ಟ್’ ಘಟನೆಯಲ್ಲಿ ಪಠ್ಯ ಓದಲು ಹೋಗಬೇಡಿ. ಆಗ ಗುಣಗಳು ಮಾತ್ರ ಬಂದಿರುತ್ತವೆ, ಒಳಗಿನದು ಬಂದಿರುತ್ತದೆ ಅನ್ನುವ ಖಾತ್ರಿ ಇಲ್ಲ. ಸಣ್ಣ ಫೈಲಿನಲ್ಲಿ ಅದೃಷ್ಟಕ್ಕೆ ಸರಿಯಾಗಿಯೇ ಕಾಣುತ್ತದೆ, ದೊಡ್ಡದರಲ್ಲಿ ಕೈಕೊಡುತ್ತದೆ.

ಇನ್ನು ದಾಖಲೆ ಅಂದರೆ ಯಾವುದು ಅನ್ನುವ ಪ್ರಶ್ನೆ. ಪ್ರತಿ ಪುಟದ ಇತ್ತೀಚಿನ ಆವೃತ್ತಿ ಮಾತ್ರ ಇರುವ ಡಂಪಿನಲ್ಲಿ ‘ಪೇಜ್’ ಸರಿಯಾದ ಅಳತೆ. ವಿಕಿಪೀಡಿಯ ಒಂದು ಪುಟದ ಪಠ್ಯವನ್ನು ಸುಮಾರು 2 ಎಂಬಿಗೆ ಮಿತಿಗೊಳಿಸಿದೆ, ಹಾಗಾಗಿ ಭಯ ಇಲ್ಲ. ಆದರೆ ಪೂರ್ತಿ ಇತಿಹಾಸ ಇರುವ ಡಂಪೂ ಇದೆ. ಅದರಲ್ಲಿ ಒಂದೇ ‘ಪೇಜ್’ ಒಳಗೆ ಶುರುವಿನಿಂದ ಇವತ್ತಿನವರೆಗಿನ ಎಲ್ಲಾ ‘ರಿವಿಷನ್’ಗಳೂ ಇರುತ್ತವೆ. ಸಾವಿರಾರು ಸಲ ತಿದ್ದಿದ ಪುಟವಾದರೆ ಅದೊಂದೇ ಜಿಬಿಗಟ್ಟಲೆ ಆಗಬಹುದು. ಅಲ್ಲಿ ‘ಪೇಜ್’ ಮುಗಿಯಲಿ ಅಂತ ಕಾಯುತ್ತಾ ಕೂತರೆ ಮೊದಲಿನ ಕಥೆಯೇ. ‘ರಿವಿಷನ್’ ಮುಗಿದಾಗಲೇ ಕೆಲಸ ಮಾಡಿ, ಅದನ್ನು ಬಿಡಬೇಕು. ಯಾವುದೇ ಹೊಸ ಫೈಲ್ ಬಂದರೂ ಕೇಳಿಕೊಳ್ಳಬೇಕಾದ್ದು ಇದೊಂದೇ: ಇದರಲ್ಲಿ ಅತಿ ದೊಡ್ಡ ದಾಖಲೆ ಎಷ್ಟಿರಬಹುದು? ನಿಮಗೆ ಬೇಕಾಗುವ ರ‍್ಯಾಮ್ ಅಷ್ಟರ ಕೆಲವು ಪಟ್ಟು, ಅಷ್ಟೇ.

ಸ್ಯಾಕ್ಸ್ ಬಳಸಲೇಬೇಕಾದವರಿಗೆ ಒಂದು ಎಚ್ಚರ

ಸ್ಯಾಕ್ಸ್‌ನಲ್ಲಿ ಪಠ್ಯ ಒಂದೇ ಸಲಕ್ಕೆ ಬರುತ್ತದೆ ಅನ್ನುವ ನಿಯಮ ಇಲ್ಲ. ‘ಕ್ಯಾರೆಕ್ಟರ್ಸ್’ ಫಂಕ್ಷನ್ನನ್ನು ಪಾರ್ಸರ್ ಎಷ್ಟು ಸಲ ಬೇಕಾದರೂ ಕರೆಯಬಹುದು, ಒಂದು ಪದದ ಮಧ್ಯದಲ್ಲೂ ತುಂಡು ಮಾಡಬಹುದು. ಕನ್ನಡದಲ್ಲಿ ಇದು ಕಣ್ಣಿಗೆ ಹೊಡೆಯುತ್ತದೆ. ‘ಕರ್ನಾಟಕ’ ಅನ್ನುವುದು ಒಮ್ಮೆ ‘ಕರ್’ ಅಂತಲೂ ಇನ್ನೊಮ್ಮೆ ‘ನಾಟಕ’ ಅಂತಲೂ ಬಂದರೆ, ಮತ್ತು ನೀವು ಪ್ರತಿ ತುಂಡನ್ನೂ ಟ್ರಿಮ್ ಮಾಡಿ ಮಧ್ಯೆ ಜಾಗ ಹಾಕಿ ಸೇರಿಸುತ್ತಿದ್ದರೆ, ನಿಮ್ಮ ಪದಪಟ್ಟಿಯಲ್ಲಿ ‘ನಾಟಕ’ಕ್ಕೆ ಒಂದು ಸುಳ್ಳು ಲೆಕ್ಕ ಸೇರಿತು. ಬಂದ ತುಂಡುಗಳನ್ನು ಹಾಗೇ ಒಂದು ಲಿಸ್ಟಿಗೆ ಹಾಕುತ್ತಾ ಹೋಗಿ, ಟ್ಯಾಗ್ ಮುಗಿದಾಗ ಒಂದೇ ಸಲ ಜೋಡಿಸಿ. ಟ್ರಿಮ್ ಮಾಡುವುದಿದ್ದರೆ ಆಮೇಲೆ.

ಬರೆಯುವಾಗ

ಓದುವುದನ್ನು ಹರಿಸಿ, ಬರೆಯುವುದನ್ನು ಲಿಸ್ಟಿನಲ್ಲಿ ಕೂಡಿಟ್ಟರೆ ಏನು ಪ್ರಯೋಜನ? ಪ್ರತಿ ದಾಖಲೆಯನ್ನೂ ಆಗಲೇ ಫೈಲಿಗೆ ಬರೆಯಿರಿ.

ಔಟ್‌ಪುಟ್ ಎಕ್ಸ್‌ಎಂಎಲ್ಲೇ ಆಗಬೇಕಿದ್ದರೆ ಸ್ಟ್ರಿಂಗು ಜೋಡಿಸಿ ಬರೆಯುವ ಆಸೆ ಹುಟ್ಟುತ್ತದೆ. ಡಂಪಿನಲ್ಲಿ ಉಲ್ಲೇಖದ ‘ರೆಫ್’ ಟ್ಯಾಗುಗಳು ಎಸ್ಕೇಪ್ ಆಗಿ (ಕೋನಾವರಣದ ಬದಲು ಅದರ ಸಂಕೇತವಾಗಿ) ಕೂತಿರುತ್ತವೆ, ಪಾರ್ಸರ್ ಓದುವಾಗ ಅದನ್ನು ಬಿಚ್ಚಿ ನಿಜವಾದ ಕೋನಾವರಣ ಮಾಡಿಕೊಡುತ್ತದೆ. ನೀವು ಅದನ್ನು ಹಾಗೇ ಬರೆದರೆ ನಿಮ್ಮ ಫೈಲಿನಲ್ಲಿ ಅದು ನಿಜವಾದ ಟ್ಯಾಗ್ ಆಗಿಬಿಡುತ್ತದೆ. ಸರಿಯಾಗಿ ಮುಚ್ಚದ ಒಂದು ‘ಬಿಆರ್’ ಸಾಕು ಇಡೀ ಫೈಲ್ ಹಾಳಾಗಲು. ಎಸ್ಕೇಪ್ ಮಾಡುವ ಕೆಲಸವನ್ನು ಲೈಬ್ರರಿಗೇ ಬಿಡಿ: ಪೈಥಾನಿನ ‘ಎಕ್ಸ್‌ಎಂಎಲ್‌ಜನರೇಟರ್’ ಅಥವಾ ಎಲ್‌ಎಕ್ಸ್‌ಎಂಎಲ್‌ನ ‘ಎಕ್ಸ್‌ಎಂಎಲ್‌ಫೈಲ್’. ಎರಡೂ ಬರೆದದ್ದನ್ನು ಆಗಿಂದಾಗ್ಗೆ ಹೊರಗೆ ಹಾಕುತ್ತವೆ, ಮೆಮೊರಿಯಲ್ಲಿ ಇಟ್ಟುಕೊಳ್ಳುವುದಿಲ್ಲ.

ಎಕ್ಸ್‌ಎಂಎಲ್ ಅನಿವಾರ್ಯವಲ್ಲದಿದ್ದರೆ ಸಾಲಿಗೊಂದು ಜೇಸನ್ ಬರೆಯಿರಿ. ಮುಂದಿನ ಹಂತಗಳಿಗೆಲ್ಲ ಅದೇ ಸುಲಭ. ಮಧ್ಯದಲ್ಲಿ ಎಲ್ಲಿ ಬೇಕಾದರೂ ಕತ್ತರಿಸಬಹುದು, ಅರ್ಧಕ್ಕೆ ನಿಂತರೂ ಬರೆದಷ್ಟು ಉಳಿಯುತ್ತದೆ. ಒಂದು ಮಾತು: ಪೈಥಾನಿನ ಜೇಸನ್ ಮಾಡ್ಯೂಲು ತಾನಾಗಿಯೇ ಕನ್ನಡ ಅಕ್ಷರಗಳನ್ನು ಬ್ಯಾಕ್‌ಸ್ಲಾಶ್-ಯು ಮತ್ತು ನಾಲ್ಕು ಅಂಕಿಗಳ ಸಂಕೇತವಾಗಿ ಬರೆಯುತ್ತದೆ. 3 ಬೈಟಿನ ‘ಕ’ 6 ಬೈಟ್ ಆಗುತ್ತದೆ, ಫೈಲ್ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ, ತೆರೆದು ನೋಡಿದರೆ ಒಂದಕ್ಷರವೂ ಓದಲು ಬರುವುದಿಲ್ಲ. ‘ಎನ್‌ಶ್ಯೂರ್ ಆಸ್ಕಿ’ ಅನ್ನುವುದನ್ನು ‘ಫಾಲ್ಸ್’ ಮಾಡಿ. ಫೈಲ್ ತೆರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8 ಅಂತ ಬಾಯಿಬಿಟ್ಟು ಹೇಳಿ. ವಿಂಡೋಸ್‌ನಲ್ಲಿ ಹೇಳದಿದ್ದರೆ ಬೇರೆ ಎನ್‌ಕೋಡಿಂಗ್ ಹಿಡಿದು ಮೊದಲ ಕನ್ನಡ ಅಕ್ಷರಕ್ಕೇ ಎರರ್ ಕೊಡಬಹುದು.

ಫೈಲಿಗೆ ಮೊದಲು ತಾತ್ಕಾಲಿಕ ಹೆಸರು ಕೊಟ್ಟು, ಪೂರ್ತಿ ಮುಗಿದ ಮೇಲಷ್ಟೇ ಅಸಲಿ ಹೆಸರಿಗೆ ಬದಲಿಸಿ. ಅರ್ಧ ಬರೆದ ಫೈಲನ್ನು ಪೂರ್ತಿ ಅಂದುಕೊಂಡು ಯಾರೋ ಮುಂದಿನ ಕೆಲಸ ಶುರು ಮಾಡುವುದು ಇದರಿಂದ ತಪ್ಪುತ್ತದೆ.

‘ಕಸ’ ತೆಗೆಯುವ ಮುನ್ನ

ಎಕ್ಸ್‌ಎಂಎಲ್ 1.0ರಲ್ಲಿ ಟ್ಯಾಬ್ ಮತ್ತು ಸಾಲು ಮುರಿಯುವ ಎರಡು ಚಿಹ್ನೆ ಬಿಟ್ಟು ಉಳಿದ ಕಂಟ್ರೋಲ್ ಚಿಹ್ನೆಗಳಿಗೆ ಜಾಗ ಇಲ್ಲ. 32ಕ್ಕಿಂತ ಕೆಳಗಿನ ಸಂಖ್ಯೆಯವು ಇವು. ವಿಕಿಪೀಡಿಯದ ಡಂಪಿನಲ್ಲಿ ಈ ಕಾಟ ಇರುವುದಿಲ್ಲ. ಆಫೀಸುಗಳ ಹಳೆಯ ಬಿಲ್ಲಿಂಗ್, ಅಕೌಂಟಿಂಗ್ ಸಾಫ್ಟ್‌ವೇರಿನಿಂದ ಬರುವ ಎಕ್ಸ್‌ಎಂಎಲ್‌ನಲ್ಲಿ ಧಾರಾಳವಾಗಿ ಇರುತ್ತವೆ, ಪಾರ್ಸರ್ ಅಲ್ಲೇ ನಿಂತುಬಿಡುತ್ತದೆ. ಅವನ್ನು ಪಾರ್ಸರಿಗೆ ಹೋಗುವ ಮೊದಲೇ ಸೋಸಬೇಕು, ಬೈಟ್ ಮಟ್ಟದಲ್ಲೇ. ‘ಟಿಆರ್’ ಆದೇಶಕ್ಕೆ ಪೈಪ್ ಮಾಡಿದರೆ ಆಯಿತು. ಒಂದೇ ಎಚ್ಚರ: ಇಂಥ ಕೆಲವು ಫೈಲುಗಳಲ್ಲಿ ಆ ಚಿಹ್ನೆ ನೇರವಾಗಿ ಇರುವುದಿಲ್ಲ, ಆಂಪರ್ಸಂಡ್ ಮತ್ತು ಹ್ಯಾಶ್ ಹಾಕಿ ಸಂಖ್ಯೆಯಾಗಿ ಬರೆದಿರುತ್ತಾರೆ. ಅದಕ್ಕೆ ‘ಟಿಆರ್’ ಸಾಲದು, ‘ಸೆಡ್’ ಬೇಕು. ಫೈಲ್ ಯುಟಿಎಫ್-16ರಲ್ಲಿ ಇದ್ದರೆ ಮೊದಲು ‘ಐಕಾನ್ವ್’ನಿಂದ ಯುಟಿಎಫ್-8ಕ್ಕೆ ತನ್ನಿ, ಮೇಲಿನ ಘೋಷಣೆಯಲ್ಲೂ ಎನ್‌ಕೋಡಿಂಗ್ ಹೆಸರು ಬದಲಿಸಲು ಮರೆಯಬೇಡಿ.

ಸೋಸುವ ಉತ್ಸಾಹದಲ್ಲಿ ಕಣ್ಣಿಗೆ ಕಾಣದ ಎಲ್ಲಾ ಚಿಹ್ನೆಗಳನ್ನೂ ಕಿತ್ತು ಹಾಕುವವರಿದ್ದಾರೆ. ಕನ್ನಡಕ್ಕೆ ಅದು ದೊಡ್ಡ ಅನ್ಯಾಯ. ನಮ್ಮಲ್ಲಿ ಶೂನ್ಯ ಅಗಲದ ಎರಡು ಚಿಹ್ನೆಗಳಿಗೆ ನಿಜವಾದ ಕೆಲಸ ಇದೆ. ಒಂದು ಬೇರ್ಪಡಿಸುತ್ತದೆ: ‘ರಾಜ್‌ಕುಮಾರ್’ ಅದರಿಂದ ಹೀಗೆ ಕಾಣುತ್ತದೆ, ತೆಗೆದರೆ ‘ರಾಜ್ಕುಮಾರ್’ ಆಗಿ ಒತ್ತಕ್ಷರ ಬೀಳುತ್ತದೆ. ಇನ್ನೊಂದು ಕೂಡಿಸುತ್ತದೆ: ‘ರ‍್ಯಾಲಿ’ಯಲ್ಲಿ ಅದನ್ನು ತೆಗೆದರೆ ರಕಾರ ಅರ್ಕಾವತ್ತಾಗಿ ಹಿಂದಕ್ಕೆ ಹಾರಿ ‘ರ್ಯಾಲಿ’ ಆಗುತ್ತದೆ. ಎರಡೂ ಎಕ್ಸ್‌ಎಂಎಲ್‌ನಲ್ಲಿ ಪೂರ್ತಿ ಕಾನೂನುಬದ್ಧ. ಹುಡುಕಾಟಕ್ಕಾಗಿ ತೆಗೆಯಲೇಬೇಕು ಅಂದರೆ ಬೇರೆ ಕಾಲಂ ಮಾಡಿ ಅದರಲ್ಲಿ ತೆಗೆಯಿರಿ, ಮೂಲ ಪಠ್ಯವನ್ನು ಮುಟ್ಟಬೇಡಿ.

ಗೊತ್ತಿಲ್ಲದವರಿಂದ ಬಂದ ಫೈಲಾದರೆ ಇನ್ನೊಂದು ಅಪಾಯವೂ ಇದೆ. ಡಿಟಿಡಿಯಲ್ಲಿ (ಫೈಲಿನ ಶುರುವಿನ ಘೋಷಣೆಗಳ ಭಾಗ) ಎಂಟಿಟಿಯೊಳಗೆ (ಪಠ್ಯಕ್ಕೆ ಕೊಟ್ಟ ಚುಟುಕು ಹೆಸರು) ಎಂಟಿಟಿ ಇಟ್ಟು, ಕೆಲವೇ ಸಾಲಿನ ಫೈಲನ್ನು ಜಿಬಿಗಟ್ಟಲೆ ಹಿಗ್ಗಿಸುವ ಕಿತಾಪತಿ ಹಳೆಯದು. ಡಿಟಿಡಿ ಓದುವುದನ್ನೂ ಎಂಟಿಟಿ ಬಿಡಿಸುವುದನ್ನೂ ಪಾರ್ಸರಿನಲ್ಲಿ ಬಂದ್ ಮಾಡಿ. ಪೈಥಾನಿನವರಿಗೆ ‘ಡಿಫ್ಯೂಸ್ಡ್‌ಎಕ್ಸ್‌ಎಂಎಲ್’ ಅನ್ನುವ ಲೈಬ್ರರಿಯೇ ಇದೆ.

ವೇಗ ಬೇಕು ಅಂದರೆ

ಎಲ್ಲಿ ಸಮಯ ಹೋಗುತ್ತಿದೆ ಅಂತ ಮೊದಲು ಅಳೆಯಿರಿ. ಮೂರು ಓಟ ಸಾಕು: ಬರೀ ಬಿಚ್ಚುವುದು, ಬಿಚ್ಚಿ ಪಾರ್ಸ್ ಮಾಡುವುದು, ಬಿಚ್ಚಿ ಪಾರ್ಸ್ ಮಾಡಿ ನಿಮ್ಮ ಪರಿವರ್ತನೆಯನ್ನೂ ಮಾಡುವುದು. ಎಲ್ಲರೂ ಎಕ್ಸ್‌ಎಂಎಲ್ ಪಾರ್ಸರನ್ನು ಬೈಯುತ್ತಾರೆ. ಅಳೆದು ನೋಡಿದರೆ ಸಾಮಾನ್ಯವಾಗಿ ಸಮಯ ತಿನ್ನುತ್ತಿರುವುದು ಬಿಜಿಪ್‌2, ಇಲ್ಲವೇ ವಿಕಿ ಪಠ್ಯದೊಳಗಿನ ಟೆಂಪ್ಲೇಟು ತೆಗೆಯಲು ನೀವೇ ಬರೆದ ರೆಗ್ಯುಲರ್ ಎಕ್ಸ್‌ಪ್ರೆಷನ್.

ಬಿಜಿಪ್‌2 ಚೆನ್ನಾಗಿ ಕುಗ್ಗಿಸುತ್ತದೆ, ಆದರೆ ಬಿಚ್ಚಲು ನಿಧಾನ. ಸುಲಭದ ಉಪಾಯ ಅಂದರೆ ಬಿಚ್ಚುವುದನ್ನು ಬೇರೆ ಪ್ರೋಗ್ರಾಮಿಗೆ ಕೊಟ್ಟು ಪೈಪಿನಲ್ಲಿ ತೆಗೆದುಕೊಳ್ಳುವುದು. ಬಿಚ್ಚುವುದು ಒಂದು ಕೋರ್ ಮೇಲೆ, ಪಾರ್ಸ್ ಮಾಡುವುದು ಇನ್ನೊಂದರ ಮೇಲೆ ನಡೆಯುತ್ತದೆ. ‘ಎಲ್‌ಬಿಜಿಪ್‌2’ ಹಾಕಿಕೊಂಡರೆ ಬಿಚ್ಚುವುದೇ ಹಲವು ಕೋರ್‌ಗಳಲ್ಲಿ ಹಂಚಿಹೋಗುತ್ತದೆ. ಅದೇ ಫೈಲನ್ನು ಮತ್ತೆ ಮತ್ತೆ ಓದುವುದಿದ್ದರೆ ಒಮ್ಮೆ ಬಿಚ್ಚಿ ಜಡ್‌ಸ್ಟ್ಯಾಂಡರ್ಡ್‌ನಲ್ಲಿ ಕುಗ್ಗಿಸಿಟ್ಟುಕೊಳ್ಳಿ, ಮುಂದಿನ ಓಟಗಳೆಲ್ಲ ಚುರುಕು.

ಇಷ್ಟೂ ಸಾಲದವರಿಗೆ ವಿಕಿಮೀಡಿಯದವರೇ ಒಂದು ಅನುಕೂಲ ಮಾಡಿಕೊಟ್ಟಿದ್ದಾರೆ. ‘ಮಲ್ಟಿಸ್ಟ್ರೀಮ್’ ಅನ್ನುವ ಡಂಪಿನಲ್ಲಿ ನೂರು ನೂರು ಪುಟಗಳನ್ನು ಬೇರೆ ಬೇರೆಯಾಗಿ ಕುಗ್ಗಿಸಿ ಸಾಲಾಗಿ ಜೋಡಿಸಿರುತ್ತಾರೆ. ಜೊತೆಗೆ ಒಂದು ಸೂಚಿ ಫೈಲ್. ಅದರ ಒಂದೊಂದು ಸಾಲಿನಲ್ಲೂ ಮೂರು ವಿಷಯ, ಮಧ್ಯೆ ಕೋಲನ್: ಆ ನೂರರ ಗುಂಪು ಶುರುವಾಗುವ ಬೈಟ್ ಸ್ಥಾನ, ಪುಟದ ಐಡಿ, ಶೀರ್ಷಿಕೆ. ಆ ಸ್ಥಾನಕ್ಕೆ ನೇರವಾಗಿ ಜಿಗಿದು ಅಷ್ಟನ್ನೇ ಬಿಚ್ಚಬಹುದು. ಸೂಚಿಯಿಂದ ಸ್ಥಾನಗಳ ಪಟ್ಟಿ ಮಾಡಿ, ನಾಲ್ಕೋ ಎಂಟೋ ಪ್ರೋಸೆಸ್‌ಗಳಿಗೆ ಹಂಚಿ. ಥ್ರೆಡ್ ಬೇಡ, ಪೈಥಾನಿನಲ್ಲಿ ಪ್ರೋಸೆಸ್ಸೇ ಬೇಕು. ಬಿಚ್ಚಿದ ತುಂಡಿನಲ್ಲಿ ಬರೀ ‘ಪೇಜ್’ಗಳ ಸಾಲು ಇರುತ್ತದೆ, ಬೇರು ಟ್ಯಾಗ್ ಇರುವುದಿಲ್ಲ. ಹಿಂದೆ ಮುಂದೆ ಒಂದು ಸುಳ್ಳು ಬೇರು ಸುತ್ತಿ ಪಾರ್ಸರಿಗೆ ಕೊಡಿ. ಕೊನೆಯ ತುಂಡಿನ ತುದಿಯಲ್ಲಿ ಮಾತ್ರ ಅಸಲಿ ಬೇರಿನ ಮುಚ್ಚುವ ಟ್ಯಾಗ್ ಇರುತ್ತದೆ, ಅದನ್ನು ಕತ್ತರಿಸಿ. ಪ್ರತಿ ಪ್ರೋಸೆಸ್ಸೂ ತನ್ನದೇ ಫೈಲಿಗೆ ಬರೆಯಲಿ. ಎಲ್ಲರೂ ಒಂದೇ ಫೈಲಿಗೆ ಬರೆಯಲು ಹೋದರೆ ಸಾಲುಗಳು ಒಂದರೊಳಗೊಂದು ಸೇರಿಕೊಳ್ಳುತ್ತವೆ.

ಮಲ್ಟಿಸ್ಟ್ರೀಮ್ ಅಲ್ಲದ ಮಾಮೂಲಿ ದೊಡ್ಡ ಎಕ್ಸ್‌ಎಂಎಲ್ಲನ್ನು ‘ಸ್ಪ್ಲಿಟ್’ ಆದೇಶದಿಂದ ಬೈಟ್ ಲೆಕ್ಕದಲ್ಲಿ ಕತ್ತರಿಸಬೇಡಿ. ಟ್ಯಾಗ್ ಮಾತ್ರ ಅಲ್ಲ, 3 ಬೈಟಿನ ಕನ್ನಡ ಅಕ್ಷರವೂ ಮಧ್ಯಕ್ಕೆ ತುಂಡಾಗುತ್ತದೆ. ವಿಕಿ ಡಂಪಿನಲ್ಲಿ ‘ಪೇಜ್’ ತೆರೆಯುವ ಟ್ಯಾಗ್ ಯಾವಾಗಲೂ ಒಂದು ಸಾಲಿನಲ್ಲಿ ಒಂಟಿಯಾಗಿ ಬರುತ್ತದೆ, ಪಠ್ಯದೊಳಗೆ ಯಾರಾದರೂ ಅದನ್ನು ಬರೆದಿದ್ದರೂ ಎಸ್ಕೇಪ್ ಆಗಿರುತ್ತದೆ. ಹಾಗಾಗಿ ಈ ಫೈಲನ್ನು ಸಾಲು ನೋಡಿಕೊಂಡು ಕತ್ತರಿಸಿದರೆ ತಪ್ಪಿಲ್ಲ. ಎಕ್ಸ್‌ಎಂಎಲ್ ಪಂಡಿತರು ಮುಖ ಕಿವುಚಿದರೂ ಪರವಾಗಿಲ್ಲ. ಆದರೆ ಆ ಧೈರ್ಯ ಈ ಫೈಲಿಗೆ ಮಾತ್ರ. ಬೇರೆ ಕಡೆಯಿಂದ ಬಂದದ್ದು ಇಡೀ ಒಂದೇ ಸಾಲಿನಲ್ಲಿ ಇರಬಹುದು.

ಹಿಂದೆ ತಿರುಗಿ ನೋಡಬೇಕಾದಾಗ

ಹರಿಸಿ ಓದುವಾಗ ಹಿಂದೆ ಹೋದದ್ದು ಮತ್ತೆ ಸಿಗುವುದಿಲ್ಲ. ‘ಈ ರೀಡೈರೆಕ್ಟ್ ಯಾವ ಲೇಖನಕ್ಕೆ ಹೋಗುತ್ತದೆ, ಅದರ ಐಡಿ ಏನು’ ಅನ್ನುವುದಕ್ಕೆ ಉತ್ತರ ಫೈಲಿನ ಇನ್ನೊಂದು ತುದಿಯಲ್ಲಿ ಇರಬಹುದು. ಇಂಥಲ್ಲಿ ಎರಡು ಸಲ ಓದಿ. ಮೊದಲ ಸಲ ಶೀರ್ಷಿಕೆ ಮತ್ತು ಐಡಿಯನ್ನು ಮಾತ್ರ ಒಂದು ಎಸ್‌ಕ್ಯುಲೈಟ್ (ಒಂದೇ ಫೈಲಿನ ಪುಟ್ಟ ಡೇಟಾಬೇಸ್) ಟೇಬಲ್ಲಿಗೆ ತುಂಬಿ. ಎರಡನೇ ಸಲ ಪರಿವರ್ತನೆ ಮಾಡುತ್ತಾ ಅಲ್ಲಿ ಕೇಳಿ. ತುಂಬುವಾಗ ಪ್ರತಿ ಸಾಲಿಗೂ ಕಮಿಟ್ ಮಾಡಬೇಡಿ, ಕೆಲವು ಸಾವಿರಕ್ಕೊಮ್ಮೆ ಸಾಕು. ಇಂಡೆಕ್ಸನ್ನು ತುಂಬಿದ ಮೇಲೆ ಕಟ್ಟಿ. ವಿಂಗಡಿಸುವುದಿದ್ದರೆ ಸಾಲಿಗೊಂದು ದಾಖಲೆ ಬರೆದು ‘ಸಾರ್ಟ್’ ಆದೇಶಕ್ಕೆ ಬಿಡಿ. ಮೆಮೊರಿಗೆ ಹಿಡಿಸದಿದ್ದರೆ ಅದು ತಾನೇ ಡಿಸ್ಕ್ ಬಳಸಿಕೊಳ್ಳುತ್ತದೆ.

ಒಂದೇ ಫೈಲಿಗೆ ದಿನಾ ಹೊಸ ಹೊಸ ಪ್ರಶ್ನೆ ಕೇಳುವವರಾದರೆ ಈ ಲೇಖನದ ದಾರಿಯೇ ನಿಮಗಲ್ಲ. ಬೇಸ್‌ಎಕ್ಸ್‌ನಂಥ ಎಕ್ಸ್‌ಎಂಎಲ್ ಡೇಟಾಬೇಸಿಗೆ ಒಮ್ಮೆ ಹಾಕಿ, ಎಕ್ಸ್‌ಕ್ವೆರಿಯಲ್ಲಿ ಕೇಳಿ.

ಎಕ್ಸ್‌ಎಸ್‌ಎಲ್‌ಟಿ ಮತ್ತು ಜಾವಾದವರಿಗೆ

ಎಕ್ಸ್‌ಎಸ್‌ಎಲ್‌ಟಿ 1.0 ಮತ್ತು 2.0ರ ಎಂಜಿನ್ನುಗಳು ಮೊದಲು ಪೂರ್ತಿ ಮರ ಕಟ್ಟಿಕೊಂಡೇ ಕೆಲಸ ಶುರು ಮಾಡುತ್ತವೆ. ‘ಎಕ್ಸ್‌ಎಸ್‌ಎಲ್‌ಟಿಪ್ರೊಕ್’ಗೆ 80 ಜಿಬಿ ಕೊಟ್ಟು ಕಾಯುವುದು ವ್ಯರ್ಥ. 2017ರಲ್ಲಿ ಬಂದ 3.0ರಲ್ಲಿ ಸ್ಟ್ರೀಮಿಂಗ್ ಇದೆ. ಮೋಡನ್ನು ‘ಸ್ಟ್ರೀಮಬಲ್’ ಅಂತ ಘೋಷಿಸಬೇಕು, ಹಿಂದಕ್ಕೆ ನೋಡುವ ಎಕ್ಸ್‌ಪಾತ್ (ಮರದಲ್ಲಿ ಟ್ಯಾಗ್ ಹುಡುಕುವ ದಾರಿ) ಬರೆದರೆ ಕಂಪೈಲರ್ ಒಪ್ಪುವುದಿಲ್ಲ. ಆ ನಿಯಮಗಳ ಪುಸ್ತಕ ಓದಿ ತಲೆ ಕೆಡಿಸಿಕೊಳ್ಳುವ ಬದಲು, ಒಂದೊಂದು ಪುಟ ಬಂದ ಹಾಗೂ ಅದರ ಪ್ರತಿ ತೆಗೆದು, ಆ ಪ್ರತಿಯ ಮೇಲೆ ಮಾಮೂಲಿ ಟೆಂಪ್ಲೇಟು ಓಡಿಸಿ. ಆ ಪ್ರತಿ ಒಂದು ಪುಟ್ಟ ಮರ ಅಷ್ಟೇ, ಅದರಲ್ಲಿ ಹಿಂದೆ ಮುಂದೆ ಹೇಗೆ ಬೇಕಾದರೂ ಓಡಾಡಬಹುದು. ಸ್ಯಾಕ್ಸನ್ ಅನ್ನುವ ಎಕ್ಸ್‌ಎಸ್‌ಎಲ್‌ಟಿ ಎಂಜಿನ್ ಬಳಸುವವರು ಗಮನಿಸಿ: ಸ್ಟ್ರೀಮಿಂಗ್ ಇರುವುದು ದುಡ್ಡು ಕೊಡುವ ಎಂಟರ್‌ಪ್ರೈಸ್ ಆವೃತ್ತಿಯಲ್ಲಿ. ಉಚಿತದ ಹೋಮ್ ಆವೃತ್ತಿ ಇದ್ದರೆ, ಪೈಥಾನಿನಲ್ಲೋ ಜಾವಾದಲ್ಲೋ ಫೈಲನ್ನು ಪುಟ ಪುಟವಾಗಿ ಬಿಡಿಸಿ, ಒಂದೊಂದಕ್ಕೂ ಅದೇ ಸ್ಟೈಲ್‌ಶೀಟ್ ಹಚ್ಚಿ. ಸ್ಟೈಲ್‌ಶೀಟನ್ನು ಒಮ್ಮೆ ಮಾತ್ರ ಕಂಪೈಲ್ ಮಾಡಿಕೊಳ್ಳಿ, ಪುಟಕ್ಕೊಂದು ಸಲ ಅಲ್ಲ.

ಜಾವಾದಲ್ಲಿ ಸ್ಟ್ಯಾಕ್ಸ್ ಚೆನ್ನಾಗಿದೆ. ಇದರಲ್ಲಿ ಮುಂದಿನದನ್ನು ನೀವೇ ಕೇಳಿ ತೆಗೆದುಕೊಳ್ಳುತ್ತೀರಿ, ಹಾಗಾಗಿ ಕೋಡ್ ಸರಾಗ. ಡಂಪ್ ಸ್ವಲ್ಪ ದೂರ ಓದಿದ ಮೇಲೆ ‘ಎಂಟಿಟಿಗಳ ಒಟ್ಟು ಗಾತ್ರ ಮಿತಿ ಮೀರಿತು’ ಅನ್ನುವ ಅರ್ಥದ ಎರರ್ ಬಂದರೆ ಗಾಬರಿಯಾಗಬೇಡಿ, ಫೈಲ್ ಹಾಳಾಗಿಲ್ಲ. ಅದು ಮೇಲೆ ಹೇಳಿದ ಎಂಟಿಟಿ ಕಿತಾಪತಿಯನ್ನು ತಡೆಯಲು ಜಾವಾ ಇಟ್ಟಿರುವ ಮಿತಿ. ಜೆಡಿಕೆ 8ರಲ್ಲಿ ಅದು 5 ಕೋಟಿ. ನಂಬಿಕೆಯ ಫೈಲಾದರೆ ‘ಟೋಟಲ್ ಎಂಟಿಟಿ ಸೈಜ್ ಲಿಮಿಟ್’ ಅನ್ನುವುದನ್ನು 0 ಮಾಡಿ. ಎಲ್‌ಎಕ್ಸ್‌ಎಂಎಲ್ ಕಡೆ ಇದರ ತಮ್ಮ ಒಬ್ಬನಿದ್ದಾನೆ: ಒಂದೇ ಪಠ್ಯ 10 ಎಂಬಿ ದಾಟಿದರೆ ನಿಲ್ಲುತ್ತದೆ, ‘ಹ್ಯೂಜ್ ಟ್ರೀ’ ಅನ್ನುವುದನ್ನು ‘ಟ್ರೂ’ ಮಾಡಬೇಕು. ಪಿಡಿಎಫ್‌ಗಳನ್ನು ಬೇಸ್64 ಮಾಡಿ ಟ್ಯಾಗಿನೊಳಗೆ ತುರುಕಿರುವ ಫೈಲುಗಳಲ್ಲಿ ಇದು ಎದುರಾಗುತ್ತದೆ. ಸಿ ಶಾರ್ಪ್‌ನವರಿಗೂ ಪಿಎಚ್‌ಪಿಯವರಿಗೂ ‘ಎಕ್ಸ್‌ಎಂಎಲ್‌ರೀಡರ್’ ಇದೆ, ಕ್ರಮ ಮಾತ್ರ ಇದೇ.

ಓಡಿಸುವಾಗ ಮತ್ತು ಓಡಿಸಿದ ಮೇಲೆ

ಮೊದಲ ಸಾವಿರ ಪುಟಕ್ಕೆ ನಿಲ್ಲಿಸುವ ಒಂದು ಆಯ್ಕೆ ನಿಮ್ಮ ಪ್ರೋಗ್ರಾಮಿನಲ್ಲಿ ಇರಲಿ. ಔಟ್‌ಪುಟ್ ತೆರೆದು ಹತ್ತಿಪ್ಪತ್ತು ಲೇಖನ ಕಣ್ಣಾರೆ ಓದಿ. ಆಮೇಲೆ ಪೂರ್ತಿ ಬಿಡಿ. ಹತ್ತು ಸಾವಿರ ಪುಟಕ್ಕೊಮ್ಮೆ ಎಷ್ಟು ಓದಿದೆ, ಎಷ್ಟು ಬರೆದಿದೆ ಅಂತ ಒಂದು ಸಾಲು ಮುದ್ರಿಸಲಿ. ಪ್ರತಿ ಪುಟಕ್ಕೂ ಮುದ್ರಿಸಿದರೆ ಆ ಮುದ್ರಣವೇ ಕೆಲಸವನ್ನು ನಿಧಾನ ಮಾಡುತ್ತದೆ.

ಪಕ್ಕದ ಟರ್ಮಿನಲ್ಲಿನಲ್ಲಿ ‘ಟಾಪ್’ ತೆರೆದು ಆರ್‌ಇಎಸ್ ಕಾಲಂ ನೋಡುತ್ತಿರಿ. ಮೊದಲ ನಿಮಿಷದಲ್ಲಿ ಏರಿ, ಆಮೇಲೆ ಒಂದು ಮಟ್ಟಕ್ಕೆ ನಿಲ್ಲಬೇಕು. ನಿಧಾನವಾಗಿಯಾದರೂ ಏರುತ್ತಲೇ ಇದ್ದರೆ ಎಲ್ಲೋ ಹಿಡಿದಿಟ್ಟುಕೊಂಡಿದ್ದೀರಿ: ಬೇರನ್ನು ‘ಕ್ಲಿಯರ್’ ಮಾಡಿಲ್ಲ, ಇಲ್ಲವೇ ಯಾವುದೋ ಲಿಸ್ಟು ಅಥವಾ ಡಿಕ್ಷನರಿ ಬೆಳೆಯುತ್ತಿದೆ. ‘ಈ ಶೀರ್ಷಿಕೆ ಮೊದಲೇ ಬಂದಿದೆಯಾ’ ಅಂತ ನೋಡಲು ಇಟ್ಟ ಸೆಟ್ಟು ಸಾಮಾನ್ಯ ಅಪರಾಧಿ.

ಮುಗಿದ ಮೇಲೆ ಲೆಕ್ಕ ತಾಳೆ ಹಾಕಿ. ಓದಿದ ಪುಟಗಳು = ಬರೆದವು + ರೀಡೈರೆಕ್ಟ್ ಅಂತ ಬಿಟ್ಟವು + ‘ಎನ್‌ಎಸ್’ ನೋಡಿ ಬಿಟ್ಟವು. ಇಳಿಸಿಕೊಂಡ ಡಂಪ್ ಅರ್ಧಕ್ಕೆ ನಿಂತಿದ್ದರೆ ಪಾರ್ಸರ್ ಕೊನೆಯಲ್ಲಿ ಎರರ್ ಕೊಡುತ್ತದೆ. ಆ ಎರರನ್ನು ‘ಟ್ರೈ’ ಹಾಕಿ ನುಂಗಬೇಡಿ. ಡಂಪಿನ ಜೊತೆಗೆ ಚೆಕ್‌ಸಮ್ ಫೈಲೂ ಸಿಗುತ್ತದೆ, ಓಟ ಶುರು ಮಾಡುವ ಮೊದಲೇ ಒಮ್ಮೆ ಹೋಲಿಸಿ ನೋಡಿ. ಖಾಲಿ ಪಠ್ಯ ಇರುವ ಪುಟಗಳೂ ಕೆಲವು ಸಿಗುತ್ತವೆ, ‘ಟೆಕ್ಸ್ಟ್’ ಟ್ಯಾಗ್ ಇದ್ದರೂ ಒಳಗೆ ಏನೂ ಇಲ್ಲದೆ. ಪೈಥಾನಿನಲ್ಲಿ ಅದು ಖಾಲಿ ಸ್ಟ್ರಿಂಗ್ ಅಲ್ಲ, ‘ನನ್’. ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳದ ಪ್ರೋಗ್ರಾಂ ರಾತ್ರಿಯೆಲ್ಲ ಓಡಿ ಬೆಳಗಿನ ಜಾವ ಅಂಥ ಒಂದು ಪುಟ ಸಿಕ್ಕಲ್ಲಿ ಬಿದ್ದಿರುತ್ತದೆ.